ನನ್ನ ಫೇಸ್‌ಬುಕ್ ಪೋಸ್ಟ್ ಅಳಿಸು ಅನ್ನಲು ಸಂಪಾದಕರಿಗೆ ಹಕ್ಕಿದೆಯೇ?

ನೀವೂ ಪತ್ರಿಕೆಯ ವರದಿಗಾರರು. ಸರ್ಕಾರಿ ಕಚೇರಿಯ ನೋಟಿಸ್ ಬರೀ ಮಲಯಾಳದಲ್ಲಿದೆ ಅಂತ ಅಧಿಕಾರಿಯ ಹೆಸರು ಹಾಕಿ ಫೇಸ್‌ಬುಕ್‌ನಲ್ಲಿ ಬರೆದಿರಿ, ನಿಮ್ಮ ಸಂಪಾದಕರು ಅದನ್ನು ತೆಗೆಯಿರಿ ಅಂದರು. ಹಾಗೆ ಹೇಳಲು ಅವರಿಗೆ ಹಕ್ಕಿದೆಯೇ ಅಂತ ನನಗೆ ಬರೆದು ಕೇಳಿದ್ದೀರಿ. ಓದುತ್ತಿದ್ದಂತೆ ನನಗೆ 2019ರ ಜೂನ್ ನೆನಪಾಯಿತು.

ಆಗ ನಾನು ಕಾಸರಗೋಡಿನಲ್ಲಿ ಒಂದು ಕನ್ನಡ ಪತ್ರಿಕೆಯ ವರದಿಗಾರ. ಕುಂಬಳೆ ಕಡೆಯ ಒಂದು ಶಾಲೆಯ ಕನ್ನಡ ಮಾಧ್ಯಮಕ್ಕೆ ಗಣಿತ ಕಲಿಸಲು ಕನ್ನಡವೇ ಬಾರದ ಟೀಚರ್ ಬಂದಿದ್ದರು. ಪೋಷಕರು ಗೇಟಿನ ಮುಂದೆ ಕೂತರು. ನಾನು ಪೋಷಕರು, ಹೆಡ್‌ಮಾಷ್ಟ್ರು, ಶಿಕ್ಷಣ ಇಲಾಖೆ ಮೂವರನ್ನೂ ಕೇಳಿ ವರದಿ ಕಳಿಸಿದೆ. ಸುದ್ದಿ ತಿದ್ದುವ ಡೆಸ್ಕಿನಲ್ಲಿ ಅದನ್ನು ಕತ್ತರಿಸಿ ಒಂದು ಸಣ್ಣ ಕಾಲಂ ಮಾಡಿದರು, ಟೀಚರ್ ಹೆಸರನ್ನೂ ತೆಗೆದರು. ನನಗೆ ಸಿಟ್ಟು ಬಂತು. ರಾತ್ರಿ ಒಂಬತ್ತೂವರೆಗೆ ಹೆಸರು, ಫೋಟೋ ಎರಡನ್ನೂ ಫೇಸ್‌ಬುಕ್‌ಗೆ ಹಾಕಿದೆ.

ಫೋಟೋದಲ್ಲಿದ್ದವರು ಬೇರೆ ಟೀಚರ್.

ಹೇಗಾಯಿತು ಅಂತ ಬಿಡಿಸಿ ಹೇಳುತ್ತೇನೆ, ನೀವು ಇದೇ ಜಾಗದಲ್ಲಿ ಇದ್ದೀರಿ. ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು 'ಯಾರು ಆ ಟೀಚರ್' ಅಂತ ಕೇಳಿದರು. ಇನ್ನೊಬ್ಬರು ಶಾಲೆಯ ವಾರ್ಷಿಕೋತ್ಸವದ ಫೋಟೋ ಹಾಕಿದರು. ಇಬ್ಬರು ಟೀಚರ್‌ಗಳ ಹೆಸರೂ ಒಂದೇ ಆಗಿತ್ತು. ಫೋಟೋದಲ್ಲಿದ್ದವರು ಬದಿಯಡ್ಕದವರು, ಹನ್ನೊಂದು ವರ್ಷದಿಂದ ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವರು. ಸಂಜೆ ನಾಲ್ಕಕ್ಕೆ ನಾನು ಹೆಡ್‌ಮಾಷ್ಟ್ರ ಜೊತೆ ಮಾತಾಡಿದ್ದೆ, ಅವರ ನಂಬರ್ ಫೋನಿನಲ್ಲಿ ಮೇಲೆಯೇ ಇತ್ತು. 'ಈ ಫೋಟೋ ಅವರದ್ದೇನಾ?' ಇಷ್ಟು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ರಾತ್ರಿಯಾಯಿತು ಅಂದುಕೊಂಡೆ. ಇದು ಪೇಪರ್ ಅಲ್ಲ, ಸುಮ್ನೆ ಫೇಸ್‌ಬುಕ್ ಅಲ್ವಾ ಅಂದುಕೊಂಡೆ. ನಮ್ಮ ಉಪಸಂಪಾದಕರು ಪ್ರತಿ ಫೋಟೋಗೂ 'ಇದು ಕೊಟ್ಟದ್ದು ಯಾರು?' ಅಂತ ಕೇಳುತ್ತಿದ್ದರು. ನನಗೆ ಅದು ಕಿರಿಕಿರಿಯಾಗುತ್ತಿತ್ತು. ಆ ರಾತ್ರಿ ಹಾಗೆ ಕೇಳುವವರು ಯಾರೂ ಇರಲಿಲ್ಲ.

ಬೆಳಿಗ್ಗೆ ಏಳಕ್ಕೆ ಆ ಟೀಚರೇ ಫೋನ್ ಮಾಡಿದರು. 'ಸರ್, ನಾನು ಕನ್ನಡದಲ್ಲೇ ಮಾತಾಡ್ತಾ ಇದ್ದೇನೆ. ಅರ್ಥ ಆಗ್ತಾ ಇದೆಯಾ?' ಅಂದರು. ಅವರ ಮಗಳೂ ಅದೇ ಶಾಲೆಯಲ್ಲಿ ಓದುತ್ತಿದ್ದಳು. ಅವತ್ತು ಮಗು ಶಾಲೆಗೆ ಹೋಗಲಿಲ್ಲ.

ಪೋಸ್ಟ್ ತೆಗೆದೆ, ಕ್ಷಮೆ ಕೇಳಿ ಬರೆದೆ, ಅವರ ಮನೆಗೂ ಹೋದೆ. ಮೊದಲ ಪೋಸ್ಟನ್ನು ನಾನೂರು ಜನ ಹಂಚಿದ್ದರು, ಕ್ಷಮೆಯನ್ನು ಹನ್ನೊಂದು ಜನ. ಮುಂದಿನ ವರ್ಷ ಅದೇ ಫೋಟೋ ಇನ್ಯಾವುದೋ ಗ್ರೂಪಿನಿಂದ ನನಗೇ ಬಂತು. ಪೋಷಕರ ನ್ಯಾಯವಾದ ದೂರನ್ನು ಇಲಾಖೆಯಲ್ಲಿ 'ಫೇಸ್‌ಬುಕ್ ಸುಳ್ಳು' ಅಂತ ತಳ್ಳಿಹಾಕಿದರು. ನನಗೆ ಜಾಸ್ತಿ ನೋವಾದದ್ದು ಅದಕ್ಕೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುತ್ತಿಲ್ಲ. ನೀವು ಅಭಿವ್ಯಕ್ತಿ ಸ್ವಾತಂತ್ರ್ಯ ಅಂತಿದ್ದೀರಿ. ಸಂವಿಧಾನದ 19(1)(ಎ) ವಿಧಿ ನಿಮಗೂ ಇದೆ, ಆ ಅಧಿಕಾರಿಗೂ ಇದೆ. ಪತ್ರಕರ್ತರಿಗೆ ಅಂತ ಬೇರೆ ವಿಧಿ ಇಲ್ಲ. 'ಅಭಿಪ್ರಾಯ ವೈಯಕ್ತಿಕ' ಅಂತ ಪ್ರೊಫೈಲ್‌ನಲ್ಲಿ ಬರೆದರೂ ನಮ್ಮೂರಲ್ಲಿ ನಡೆಯುವುದಿಲ್ಲ. ಬಸ್ಸಿನಲ್ಲೂ ನಮ್ಮನ್ನು 'ಪೇಪರಿನವರು' ಅಂತಲೇ ಕರೆಯುತ್ತಾರೆ. ಪ್ರಕಟಿಸುವ ಮೊದಲು ಪರಿಶೀಲಿಸಿ ಅಂತ ಪತ್ರಿಕೆಗಳ ನಡತೆ ನೋಡುವ ಪ್ರೆಸ್ ಕೌನ್ಸಿಲ್ ಪತ್ರಿಕೆಗಳಿಗೆ ಹೇಳುತ್ತದೆ. ಫೋನಿನಲ್ಲಿ ಬರೆಯುವಾಗ ಅದನ್ನು ನಾವೇ ಮಾಡಿಕೊಳ್ಳಬೇಕು.

ಬಾಯಿ ಮುಚ್ಚಿಕೊಂಡಿರಿ ಅಂತ ನಾನು ಹೇಳುತ್ತಿಲ್ಲ. 2020ರ ನವೆಂಬರ್‌ನಲ್ಲಿ ಕೇರಳ ಸರ್ಕಾರ ಪೊಲೀಸ್ ಕಾಯ್ದೆಗೆ 118ಎ ಅನ್ನುವ ಸೆಕ್ಷನ್ ಸೇರಿಸಿ, ಮಾನಹಾನಿ ಪೋಸ್ಟಿಗೆ 3 ವರ್ಷದವರೆಗೆ ಜೈಲು ಅಂದಾಗ ನಾನೂ ವಿರೋಧಿಸಿದೆ. ಕೆಲವೇ ದಿನಗಳಲ್ಲಿ ಅದನ್ನು ಹಿಂದೆಗೆದುಕೊಂಡರು. ಸಂಪಾದಕರು ಫೇಸ್‌ಬುಕ್ಕೇ ಬೇಡ ಅಂದರೆ ಒಪ್ಪಬೇಡಿ.

ಆದರೆ ಅಧಿಕಾರಿಯನ್ನು ಮಾತಾಡಿಸಿಲ್ಲ ಅಂತ ನೀವೇ ಬರೆದಿದ್ದೀರಿ. ಈಗ ಪೋಸ್ಟ್ ತೆಗೆಯಿರಿ. ನಾಳೆ ಬೆಳಿಗ್ಗೆ ಕಚೇರಿಗೆ ಹೋಗಿ, ನೋಟಿಸ್ ಬರೆಸಿದವರು ಅವರೇನಾ ಅಂತ ಕೇಳಿ. ಅವರ ಮಾತನ್ನೂ ಸೇರಿಸಿ ಪತ್ರಿಕೆಗೆ ಕೊಡಿ. ಪತ್ರಿಕೆ ಹಾಕದಿದ್ದರೆ ಅದನ್ನೇ ಫೇಸ್‌ಬುಕ್‌ಗೆ ಹಾಕಿ. ಆಮೇಲೆ ಯಾರು ಹೇಳಿದರೂ ತೆಗೆಯಬೇಡಿ.