ಲೌಡನ್ ಕೌಂಟಿಗೆ ಬರುವವರಿಗೆ: ನಿಮ್ಮ ಕ್ಷೇತ್ರ ಮತ್ತು ಅದರ ಚುನಾವಣೆಗಳು

ನಮಸ್ಕಾರ. ಬೆಂಗಳೂರಿನ ನಿಮ್ಮ ಕಂಪನಿ ನಿಮ್ಮನ್ನು ಎಚ್‌-1ಬಿ ವೀಸಾದ ಮೇಲೆ ವರ್ಜೀನಿಯಾ ರಾಜ್ಯದ ಲೌಡನ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು) ಆಶ್‌ಬರ್ನ್‌ಗೆ ಕಳುಹಿಸುತ್ತಿದೆ ಎಂದು ಬರೆದಿದ್ದೀರಿ. ನಮ್ಮಲ್ಲಿ ಎಂಎಲ್‌ಎ ಇರುವಂತೆ ಅಲ್ಲಿ ನಮಗೆ ಯಾರಿರುತ್ತಾರೆ, ಸುಹಾಸ್, ಕಣ್ಣನ್ ಎಂಬಂಥ ಹೆಸರಿನವರು ಅಲ್ಲಿ ಗೆದ್ದದ್ದು ಹೇಗೆ, ಮುಂದೊಂದು ದಿನ ನಮ್ಮಂಥವರೂ ನಿಲ್ಲಬಹುದೇ ಎಂದು ಕೇಳಿದ್ದೀರಿ. ಇಲ್ಲಿಗೆ ಬಂದು ಹತ್ತು ವರ್ಷ ಕಳೆದ ಮೇಲೆ ಜನ ಕೇಳುವ ಪ್ರಶ್ನೆಯನ್ನು ನೀವು ವಿಮಾನ ಹತ್ತುವ ಮೊದಲೇ ಕೇಳಿದ್ದೀರಿ. ಇದೇ ಕೌಂಟಿಯಲ್ಲಿ ನೆಲೆಸಿ, ಪೌರತ್ವ ಪಡೆದು ಮತ ಹಾಕುತ್ತಿರುವವನಾದ್ದರಿಂದ ನನಗೆ ತಿಳಿದಷ್ಟನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅಮೆರಿಕದ ರಾಜಕೀಯವೆಂದರೆ ಟಿವಿಯಲ್ಲಿ ಕಾಣುವ ಶ್ವೇತಭವನ ಮತ್ತು ಸಂಸತ್ತು ಎಂದು ನಾವು ಅಂದುಕೊಂಡು ಬರುತ್ತೇವೆ. ನಿತ್ಯದ ಬದುಕನ್ನು ಮುಟ್ಟುವ ಕಾನೂನುಗಳಲ್ಲಿ ಬಹುಪಾಲು ತಯಾರಾಗುವುದು ರಾಜ್ಯದ ಶಾಸನಸಭೆಯಲ್ಲಿ. ಮನೆ ಮಾಲೀಕ ಎಷ್ಟು ದಿನ ಮೊದಲು ನೋಟಿಸ್ ಕೊಡಬೇಕು, ರಾಜ್ಯದ ವಿಶ್ವವಿದ್ಯಾಲಯಕ್ಕೆ ಎಷ್ಟು ಅನುದಾನ ಸಿಗಬೇಕು, ನೀವು ದಿನವೂ ಓಡಾಡಲಿರುವ ಖಾಸಗಿ ಟೋಲ್ ರಸ್ತೆಯಾದ ಡಲ್ಲಸ್ ಗ್ರೀನ್‌ವೇಯ ದರವನ್ನು ಯಾವ ನಿಯಮದಂತೆ ಏರಿಸಬಹುದು ಎಂಬುದೆಲ್ಲ ತೀರ್ಮಾನವಾಗುವುದು ರಾಜಧಾನಿ ರಿಚ್ಮಂಡ್‌ನಲ್ಲಿ. ಅಲ್ಲಿಯ ಜನರಲ್ ಅಸೆಂಬ್ಲಿಗೆ ಎರಡು ಸದನಗಳಿವೆ. ಕೆಳಮನೆಯಾದ ಹೌಸ್ ಆಫ್ ಡೆಲಿಗೇಟ್ಸ್‌ನಲ್ಲಿ 100 ಸ್ಥಾನಗಳಿದ್ದು ಅವಧಿ ಎರಡೇ ವರ್ಷ; ಅದರ ಸದಸ್ಯರನ್ನು ಡೆಲಿಗೇಟ್ ಎನ್ನುತ್ತಾರೆ. ಸೆನೆಟ್‌ನಲ್ಲಿ 40 ಸ್ಥಾನಗಳಿದ್ದು ಅವಧಿ ನಾಲ್ಕು ವರ್ಷ. ಈ ಸಭೆಯ ಮೂಲ 1619ರಲ್ಲಿ ಜೇಮ್ಸ್‌ಟೌನ್‌ನಲ್ಲಿ ಸೇರಿದ ವಸಾಹತು ಸಭೆಗೆ ಹೋಗುತ್ತದೆ.

2020ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆ 86 ಲಕ್ಷದಷ್ಟಿರುವುದರಿಂದ ಒಬ್ಬ ಡೆಲಿಗೇಟ್‌ನ ಕ್ಷೇತ್ರದಲ್ಲಿ ಸುಮಾರು 86 ಸಾವಿರ ಜನರಿರುತ್ತಾರೆ. ಕರ್ನಾಟಕದ 224 ಕ್ಷೇತ್ರಗಳಲ್ಲಿ ಒಂದೊಂದರ ಪಾಲಿಗೆ ಬರುವ ಎರಡೂವರೆ ಲಕ್ಷಕ್ಕೂ ಮೀರಿದ ಜನಸಂಖ್ಯೆಯನ್ನು ನೆನೆದರೆ ಇದು ಚಿಕ್ಕ ಕ್ಷೇತ್ರವೇ ಸರಿ. ಆದ್ದರಿಂದಲೇ ಡೆಲಿಗೇಟ್ ಕೈಗೆ ಸಿಗುತ್ತಾರೆ. ಗೇಟಿನ ಬಳಿ ಕಾಯಬೇಕಿಲ್ಲ, ಪಿಎ ಮೂಲಕ ಹೋಗಬೇಕಿಲ್ಲ. ದೀಪಾವಳಿ ಕಾರ್ಯಕ್ರಮದಲ್ಲಿ ಕಾಫಿ ಲೋಟ ಹಿಡಿದು ನಿಮ್ಮ ಪಕ್ಕದಲ್ಲೇ ನಿಂತಿರುತ್ತಾರೆ. ಬಹುಕಾಲ ಇಲ್ಲಿ ಡೆಲಿಗೇಟ್‌ನ ವಾರ್ಷಿಕ ಸಂಬಳ 17,640 ಡಾಲರ್ ಆಗಿದ್ದು, ಭತ್ಯೆಗಳು ಬೇರೆ. ಆಶ್‌ಬರ್ನ್‌ನಂಥ ಊರಿನಲ್ಲಿ ಆ ಸಂಬಳದಿಂದ ವರ್ಷದ ಬಾಡಿಗೆಯೂ ಹುಟ್ಟುವುದಿಲ್ಲ. ಅಧಿವೇಶನ ಜನವರಿಯ ಎರಡನೆಯ ಬುಧವಾರ ಆರಂಭವಾಗಿ ಸಮ ವರ್ಷಗಳಲ್ಲಿ 60 ದಿನ, ಬೆಸ ವರ್ಷಗಳಲ್ಲಿ ಸಾಮಾನ್ಯವಾಗಿ 46 ದಿನ ನಡೆಯುತ್ತದೆ. ಉಳಿದ ಕಾಲದಲ್ಲಿ ಸದಸ್ಯರು ತಮ್ಮ ವಕೀಲಿಯನ್ನೋ ವ್ಯಾಪಾರವನ್ನೋ ನೋಡಿಕೊಳ್ಳುತ್ತಾರೆ. ಇದನ್ನು ಸರಳತೆ ಎಂದು ಹೊಗಳುವವರಿದ್ದಾರೆ. ಚಳಿಗಾಲವಿಡೀ ಕೆಲಸದಿಂದ ರಜೆ ಪಡೆಯಬಲ್ಲ ಅನುಕೂಲಸ್ಥರಿಗೆ ಮಾತ್ರ ಈ ಹುದ್ದೆ ಎಟುಕುತ್ತದೆ ಎಂಬುದು ನನ್ನ ಅಭಿಪ್ರಾಯ.

ಅರ್ಹತೆಯ ವಿಚಾರಕ್ಕೆ ಬರುತ್ತೇನೆ. ವರ್ಜೀನಿಯಾದ ಸಂವಿಧಾನ ಕೇಳುವುದು ಮೂರೇ ಸಂಗತಿ. ಚುನಾವಣೆಯ ಹೊತ್ತಿಗೆ ಅಭ್ಯರ್ಥಿಗೆ 21 ವರ್ಷ ತುಂಬಿರಬೇಕು, ಆತ ಅಥವಾ ಆಕೆ ಆ ಕ್ಷೇತ್ರದಲ್ಲಿಯೇ ವಾಸವಾಗಿರಬೇಕು, ಮತ್ತು ಜನರಲ್ ಅಸೆಂಬ್ಲಿಯ ಚುನಾವಣೆಯಲ್ಲಿ ಮತ ಹಾಕುವ ಅರ್ಹತೆ ಇರಬೇಕು. ಮತದಾನಕ್ಕೆ ಪೌರತ್ವ ಬೇಕಾದ್ದರಿಂದ ಮೂರನೆಯ ಷರತ್ತಿನೊಳಗೆ ಪೌರತ್ವವೂ ಸೇರಿತು. ಇದರ ಮೇಲೆ, ಚುನಾವಣೆಗೆ ಒಂದು ವರ್ಷ ಮೊದಲಿನಿಂದ ರಾಜ್ಯದ ನಿವಾಸಿಯಾಗಿರಬೇಕೆಂದು ಕಾನೂನು ಹೇಳುತ್ತದೆ. ನ್ಯಾಯಾಧೀಶರು, ಶೆರಿಫ್, ಕೌಂಟಿಯ ಖಜಾಂಚಿ, ರಾಜ್ಯ ಸರ್ಕಾರದ ಸಂಬಳದ ಹುದ್ದೆಯಲ್ಲಿರುವವರು ಆ ಹುದ್ದೆಯಲ್ಲಿದ್ದುಕೊಂಡೇ ಸದಸ್ಯರಾಗುವಂತಿಲ್ಲ. ಇಲ್ಲಿಯೇ ಹುಟ್ಟಿರಬೇಕೆಂಬ ನಿಯಮ ಅಧ್ಯಕ್ಷ ಮತ್ತು ಉಪಾಧ್ಯಕ್ಷ ಪದವಿಗಳಿಗಷ್ಟೇ ಇದೆ. ಹಾಸನದಲ್ಲಿ ಹುಟ್ಟಿ ಇಲ್ಲಿ ಪೌರತ್ವ ಪಡೆದವರು ಡೆಲಿಗೇಟ್ ಆಗಲು ಯಾವ ತಡೆಯೂ ಇಲ್ಲ.

ನಮ್ಮವರಿಗೆ ತಕ್ಷಣ ಒಗ್ಗದ ನಿಯಮವೆಂದರೆ ವಾಸದ ನಿಯಮ. ಕರ್ನಾಟಕದಲ್ಲಿ ರಾಜ್ಯದ ಯಾವುದಾದರೂ ಕ್ಷೇತ್ರದ ಮತದಾರರಾಗಿದ್ದರೆ ಸಾಕು, ಎಲ್ಲಿಂದ ಬೇಕಾದರೂ ನಿಲ್ಲಬಹುದು. 2018ರಲ್ಲಿ ಸಿದ್ದರಾಮಯ್ಯನವರು ಮೈಸೂರಿನ ಚಾಮುಂಡೇಶ್ವರಿಯಲ್ಲೂ ದೂರದ ಬಾದಾಮಿಯಲ್ಲೂ ನಿಂತು, ಚಾಮುಂಡೇಶ್ವರಿಯಲ್ಲಿ ಸೋತು ಬಾದಾಮಿಯಲ್ಲಿ ಗೆದ್ದದ್ದು ನಿಮಗೆ ಗೊತ್ತೇ ಇದೆ. ವರ್ಜೀನಿಯಾದಲ್ಲಿ ಅದು ಸಾಧ್ಯವಿಲ್ಲ. ಗೆದ್ದ ಮೇಲೆ ಕ್ಷೇತ್ರದ ಗಡಿ ದಾಟಿ ಮನೆ ಬದಲಿಸಿದರೆ ಸ್ಥಾನವೇ ತೆರವಾಗುತ್ತದೆ. ಹಾಗಾಗಿ ಗಡಿರೇಖೆ ಬದಲಾದಾಗ, ತಮ್ಮ ಹಳೆಯ ಮತದಾರರು ರಸ್ತೆಯ ಆಚೆ ಬದಿಗೆ ಹೋದರೆಂದು ಸೂಟ್‌ಕೇಸ್ ಕಟ್ಟಿಕೊಂಡು ಬಾಡಿಗೆ ಮನೆ ಹುಡುಕುವ ಶಾಸಕರನ್ನು ಇಲ್ಲಿ ಕಾಣಬಹುದು.

ಪಕ್ಷದ ಟಿಕೆಟ್ ಎಂಬುದು ಇಲ್ಲಿ ಹೈಕಮಾಂಡ್‌ನಿಂದ ಬರುವುದಿಲ್ಲ. ಸಾಮಾನ್ಯವಾಗಿ ಜೂನ್ ತಿಂಗಳ ಪ್ರೈಮರಿಯಲ್ಲಿ ಮತದಾರರೇ ಅಭ್ಯರ್ಥಿಯನ್ನು ಆರಿಸುತ್ತಾರೆ. ಕಣಕ್ಕಿಳಿಯಲು ಕ್ಷೇತ್ರದ ಮತದಾರರಿಂದ ಡೆಲಿಗೇಟ್ ಸ್ಥಾನಕ್ಕಾದರೆ 125, ಸೆನೆಟ್‌ಗಾದರೆ 250 ಸಹಿ ತರಬೇಕು. ಕೇಳುವಾಗ ಸುಲಭವೆನಿಸುತ್ತದೆ. ಮಾರ್ಚ್‌ನ ಚಳಿಗಾಳಿಯಲ್ಲಿ ಕಿರಾಣಿ ಅಂಗಡಿಯ ಮುಂದೆ ಕ್ಲಿಪ್‌ಬೋರ್ಡ್ ಹಿಡಿದು ನಿಂತಾಗ ಕಷ್ಟ ತಿಳಿಯುತ್ತದೆ: ಸಹಿ ಹಾಕಿದವರು ಪಕ್ಕದ ಕ್ಷೇತ್ರದವರಾಗಿರುತ್ತಾರೆ, ಇಲ್ಲವೇ ಮನೆ ಬದಲಿಸಿ ಹೊಸ ವಿಳಾಸವನ್ನು ನೋಂದಾಯಿಸಿರುವುದಿಲ್ಲ. ಪ್ರತಿ ಸಹಿಯನ್ನೂ ಕಣ್ಣಾರೆ ಕಂಡಿದ್ದೇನೆಂದು ಸಂಗ್ರಹಿಸಿದವರು ನೋಟರಿಯ ಮುಂದೆ ಪ್ರಮಾಣ ಮಾಡಬೇಕು. ಅದಕ್ಕೇ ಅನುಭವಸ್ಥರು ಬೇಕಾದುದಕ್ಕಿಂತ ಎರಡು ಪಟ್ಟು ಸಹಿ ತರುತ್ತಾರೆ. ಪ್ರೈಮರಿಯ ಶುಲ್ಕ ಹುದ್ದೆಯ ವಾರ್ಷಿಕ ಸಂಬಳದ ಶೇ. 2 ಮಾತ್ರ. ಆದರೆ ದೇಣಿಗೆಗೆ ಈ ರಾಜ್ಯದಲ್ಲಿ ಮಿತಿಯೇ ಇಲ್ಲ. ಕೊಟ್ಟವರ ಹೆಸರನ್ನು ಬಹಿರಂಗಪಡಿಸಿದರಾಯಿತು, ಎಷ್ಟು ಬೇಕಾದರೂ ಪಡೆಯಬಹುದು. ಸಹಿಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾದ ಕಾನೂನು ಹಣದ ವಿಷಯದಲ್ಲಿ ಇಷ್ಟು ಸಡಿಲವಾಗಿರುವುದು ನನಗೆ ಇಂದಿಗೂ ಸರಿಕಾಣುವುದಿಲ್ಲ.

ಇನ್ನು ನೀವು ಬರಲಿರುವ ಜಾಗದ ಚುನಾವಣಾ ಇತಿಹಾಸ. ಲೌಡನ್ ಕೌಂಟಿಯಲ್ಲಿ 2000ದಲ್ಲಿ 1.7 ಲಕ್ಷದಷ್ಟು ಜನರಿದ್ದರು. 2020ರ ಹೊತ್ತಿಗೆ ಅದು 4.2 ಲಕ್ಷವಾಯಿತು. ಡಲ್ಲಸ್ ವಿಮಾನ ನಿಲ್ದಾಣ, ಅದರ ಸುತ್ತ ಬೆಳೆದ ಐಟಿ ಕಂಪನಿಗಳು ಮತ್ತು ಡೇಟಾ ಸೆಂಟರ್‌ಗಳು ಇದಕ್ಕೆ ಕಾರಣ. ಜನ ಹೆಚ್ಚಿದಲ್ಲಿಗೆ ಕ್ಷೇತ್ರ ಬರಲೇಬೇಕಾದ್ದರಿಂದ, ಅಲ್ಲಿಯವರೆಗೆ ಕಡಲ ತೀರದ ನಾರ್ಫೋಕ್‌ನಲ್ಲಿದ್ದ 87ನೆಯ ಕ್ಷೇತ್ರವನ್ನು 2011ರ ಮರುವಿಂಗಡಣೆಯಲ್ಲಿ ಲೌಡನ್ ಕಡೆಗೆ ತಂದರು. ಆ ವರ್ಷ ಅಲ್ಲಿ ಗೆದ್ದವರು ರಿಪಬ್ಲಿಕನ್ ಪಕ್ಷದ ಡೇವಿಡ್ ರಮದಾನ್. ಲೆಬನಾನ್‌ನಲ್ಲಿ ಹುಟ್ಟಿ ವಲಸೆ ಬಂದವರು, ಗೆದ್ದ ಅಂತರ ನೂರು ಮತಕ್ಕೂ ಕಡಿಮೆ. 2013ರಲ್ಲಿ ಡೆಮಾಕ್ರಟಿಕ್ ಪಕ್ಷದ ಜಾನ್ ಬೆಲ್ ಅವರ ಎದುರು ಕೂದಲೆಳೆಯ ಅಂತರದಲ್ಲಿ ಮತ್ತೆ ಗೆದ್ದರು. ವಾಯುಪಡೆಯಿಂದ ನಿವೃತ್ತರಾಗಿದ್ದ ಬೆಲ್ 2015ರಲ್ಲಿ ಅದೇ ಕ್ಷೇತ್ರವನ್ನು ಗೆದ್ದುಕೊಂಡು, 2019ರಲ್ಲಿ ಸೆನೆಟ್‌ಗೆ ಹೋದರು. ಅವರು ಬಿಟ್ಟ ಸ್ಥಾನಕ್ಕೆ ಬಂದವರೇ ಸುಹಾಸ್ ಸುಬ್ರಮಣ್ಯಂ.

ಸುಹಾಸ್ ಹುಟ್ಟಿದ್ದು ಹ್ಯೂಸ್ಟನ್‌ನಲ್ಲಿ, ತಾಯಿ ಬೆಂಗಳೂರಿನವರು. ಒಬಾಮ ಕಾಲದಲ್ಲಿ ಶ್ವೇತಭವನದಲ್ಲಿ ತಂತ್ರಜ್ಞಾನ ನೀತಿಯ ಸಲಹೆಗಾರರಾಗಿದ್ದರು. ಆ 2019ರ ನವೆಂಬರ್ ಚುನಾವಣೆಯಲ್ಲಿ ಅವರು ಕೆಳಮನೆಗೂ, ಹೈದರಾಬಾದಿನಲ್ಲಿ ಹುಟ್ಟಿದ ಗಜಾಲಾ ಹಶ್ಮಿ ರಿಚ್ಮಂಡ್ ಕಡೆಯಿಂದ ಸೆನೆಟ್‌ಗೂ ಆಯ್ಕೆಯಾದರು. ಆ ಸಭೆಗೆ ಭಾರತೀಯ ಮೂಲದವರ ಪ್ರವೇಶವಾದದ್ದು ಹೀಗೆ. ಸುಹಾಸ್ 2021ರಲ್ಲಿ ಮತ್ತೆ ಗೆದ್ದರು. 2023ರಲ್ಲಿ 32ನೆಯ ಸೆನೆಟ್ ಕ್ಷೇತ್ರವನ್ನೂ, 2024ರಲ್ಲಿ ವರ್ಜೀನಿಯಾದ 10ನೆಯ ಲೋಕಸಭಾ ಕ್ಷೇತ್ರವನ್ನೂ ಗೆದ್ದು ವಾಷಿಂಗ್ಟನ್ ಸೇರಿದರು. ಹಶ್ಮಿ 2025ರಲ್ಲಿ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಹುದ್ದೆಗೆ ಆಯ್ಕೆಯಾದರು.

ಇದರ ನಡುವೆ ನಕ್ಷೆ ಮತ್ತೆ ಬದಲಾಯಿತು. ಕ್ಷೇತ್ರ ವಿಂಗಡಣೆಯನ್ನು ಶಾಸಕರ ಕೈಯಿಂದ ತೆಗೆದು 16 ಜನರ ಆಯೋಗಕ್ಕೆ ಕೊಡುವ ತಿದ್ದುಪಡಿಗೆ 2020ರಲ್ಲಿ ಮತದಾರರು ಒಪ್ಪಿಗೆ ಕೊಟ್ಟರು. ಎಂಟು ಶಾಸಕರು, ಎಂಟು ನಾಗರಿಕರಿದ್ದ ಆಯೋಗ ಒಮ್ಮತಕ್ಕೆ ಬರಲಿಲ್ಲ. ಕೊನೆಗೆ ರಾಜ್ಯದ ಸುಪ್ರೀಂ ಕೋರ್ಟ್ ಇಬ್ಬರು ತಜ್ಞರನ್ನು ನೇಮಿಸಿ, ಅವರು ಬರೆದ ನಕ್ಷೆಯನ್ನು 2021ರ ಡಿಸೆಂಬರ್‌ನಲ್ಲಿ ಅಂಗೀಕರಿಸಿತು. ಹೊಸ ನಕ್ಷೆಯಲ್ಲಿ ಸಂಖ್ಯೆಗಳು ಅರ್ಲಿಂಗ್ಟನ್‌ನಿಂದ ಆರಂಭವಾಗಿ ಈಸ್ಟರ್ನ್ ಶೋರ್‌ನಲ್ಲಿ ನೂರಕ್ಕೆ ಮುಗಿಯುತ್ತವೆ. 87 ಮರಳಿ ಕಡಲ ಕಡೆಯ ಹ್ಯಾಂಪ್ಟನ್‌ಗೆ ಹೋಯಿತು. ಲೌಡನ್ ಭಾಗಕ್ಕೆ 26ರಿಂದ 30ರವರೆಗಿನ ಸಂಖ್ಯೆಗಳು ಬಂದವು. ಹಳೆಯ ಲೇಖನಗಳಲ್ಲಿ 87 ಎಂದು ಓದಿದವರು ಗೊಂದಲಪಡುವುದು ಇದರಿಂದಲೇ.

ಈ 26ನೆಯ ಕ್ಷೇತ್ರದಲ್ಲಿ 2023ರಲ್ಲಿ ಗೆದ್ದವರು ಕಣ್ಣನ್ ಶ್ರೀನಿವಾಸನ್. ಸುಹಾಸ್ ಅವರಂತೆ ಇಲ್ಲಿ ಹುಟ್ಟಿದವರಲ್ಲ, ಭಾರತದಿಂದಲೇ ವಲಸೆ ಬಂದವರು. ಸುಹಾಸ್ ವಾಷಿಂಗ್ಟನ್‌ಗೆ ಹೋದಾಗ ಅವರ ಸೆನೆಟ್ ಸ್ಥಾನಕ್ಕೆ ಕಣ್ಣನ್ ನಿಂತರು. ಕಣ್ಣನ್ ಅವರ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದಿಂದ ಜೆ.ಜೆ. ಸಿಂಗ್, ರಿಪಬ್ಲಿಕನ್ ಪಕ್ಷದಿಂದ ರಾಮ್ ವೆಂಕಟಾಚಲಂ ನಿಂತರು. ಎರಡೂ ಉಪಚುನಾವಣೆ 2025ರ ಜನವರಿ 7ರಂದು, ಹಿಂದಿನ ದಿನ ಬಿದ್ದ ಹಿಮ ಇನ್ನೂ ರಸ್ತೆಯ ಬದಿಯಲ್ಲಿ ರಾಶಿಯಾಗಿರುವಾಗಲೇ ನಡೆದವು. ಕಣ್ಣನ್ ಮತ್ತು ಸಿಂಗ್ ಗೆದ್ದರು. ಎರಡು ಪಕ್ಷದ ಅಭ್ಯರ್ಥಿಗಳೂ ಭಾರತೀಯ ಮೂಲದವರಾಗಿದ್ದ ಆ 26ನೆಯ ಕ್ಷೇತ್ರದ ಚುನಾವಣೆಯಲ್ಲಿ ಹೆಸರು ನೋಡಿ ಮತ ಹಾಕಲು ಯಾರಿಗೂ ಅವಕಾಶವಿರಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ಸುಹಾಸ್ ಹೆಸರು ಮಾಡಿದ್ದು ಟೋಲ್ ದರದ ವಿಷಯವನ್ನು ಬಿಡದೆ ಹಿಡಿದದ್ದರಿಂದ. 2025ರ ನವೆಂಬರ್‌ನಲ್ಲಿ ಪಕ್ಕದ 30ನೆಯ ಕ್ಷೇತ್ರವನ್ನು ಜಾನ್ ಮೆಕಾಲಿಫ್ ರಿಪಬ್ಲಿಕನ್ನರಿಂದ ಕಿತ್ತುಕೊಂಡದ್ದು ಡೇಟಾ ಸೆಂಟರ್‌ಗಳ ವಿಸ್ತರಣೆಯನ್ನೂ ವಿದ್ಯುತ್ ಬಿಲ್ಲನ್ನೂ ಮುಂದಿಟ್ಟುಕೊಂಡು. ನಮ್ಮವರೆಂಬ ಅಭಿಮಾನ ಬಾಗಿಲವರೆಗೆ ಕರೆದೊಯ್ಯುತ್ತದೆ, ಒಳಗೆ ಬಿಡುವುದಿಲ್ಲ.

ಒಂದು ಮತದ ಬೆಲೆ ಎಷ್ಟೆಂದು ಕೇಳುವವರಿಗೆ ನಾನು 94ನೆಯ ಕ್ಷೇತ್ರದ ಕಥೆ ಹೇಳುತ್ತೇನೆ. 2017ರಲ್ಲಿ ನ್ಯೂಪೋರ್ಟ್ ನ್ಯೂಸ್‌ನಲ್ಲಿ ಡೇವಿಡ್ ಯಾನ್ಸಿ ಮತ್ತು ಶೆಲ್ಲಿ ಸೈಮಂಡ್ಸ್ ಇಬ್ಬರಿಗೂ 11,608 ಮತಗಳು ಬಂದವು. ಮರುಎಣಿಕೆಯಲ್ಲಿ ಸೈಮಂಡ್ಸ್ ಒಂದು ಮತದಿಂದ ಗೆದ್ದಿದ್ದರು. ಮರುದಿನ ನ್ಯಾಯಾಧೀಶರು ವಿವಾದಿತ ಮತಪತ್ರವೊಂದನ್ನು ಯಾನ್ಸಿ ಲೆಕ್ಕಕ್ಕೆ ಸೇರಿಸಿದ್ದರಿಂದ ಸಮವಾಯಿತು. 2018ರ ಜನವರಿ 4ರಂದು ಇಬ್ಬರ ಹೆಸರನ್ನೂ ಹಳೆಯ ಕ್ಯಾಮೆರಾ ರೀಲಿನ ಡಬ್ಬಿಗಳಲ್ಲಿಟ್ಟು, ಪಿಂಗಾಣಿ ಬಟ್ಟಲಿನಲ್ಲಿ ಹಾಕಿ, ಚೀಟಿ ಎತ್ತಿದರು. ಯಾನ್ಸಿ ಹೆಸರು ಬಂತು. ಅದರಿಂದ ಇಡೀ ಸದನದ ಬಹುಮತ 51-49ರಲ್ಲಿ ರಿಪಬ್ಲಿಕನ್ನರಿಗೆ ಉಳಿಯಿತು. ಎರಡು ವರ್ಷದ ಬಳಿಕ ಯಾನ್ಸಿಯನ್ನು ಸೈಮಂಡ್ಸ್ ಸೋಲಿಸಿದರು. ಆಮೇಲೂ ಸದನ ಎರಡು ಪಕ್ಷಗಳ ನಡುವೆ ಓಲಾಡುತ್ತಲೇ ಬಂತು: 2019ರಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ 55, 2021ರಲ್ಲಿ ರಿಪಬ್ಲಿಕನ್ನರಿಗೆ 52, 2023ರಲ್ಲಿ ಮತ್ತೆ ಡೆಮಾಕ್ರಟಿಕ್ ಪಕ್ಷಕ್ಕೆ 51, 2025ರಲ್ಲಿ ಅದೇ ಪಕ್ಷಕ್ಕೆ 64.

ಈಗ ನಿಮ್ಮ ಸ್ಥಿತಿಗೆ ನೇರವಾಗಿ ಸಂಬಂಧಿಸಿದ ಮಾತು. ಉಳಿದದ್ದು ಮರೆತರೂ ಇದನ್ನು ಮರೆಯಬೇಡಿ. ಚಾಲನಾ ಪರವಾನಗಿಗಾಗಿ ಡಿಎಂವಿ ಕಚೇರಿಗೆ ಹೋದಾಗ ಪೌರತ್ವ ಮತ್ತು ಮತದಾರರ ನೋಂದಣಿಯ ಪ್ರಶ್ನೆಗಳು ಪರದೆಯ ಮೇಲೆ ಬರುತ್ತವೆ. ಸಾಲಿನಲ್ಲಿ ಹಿಂದೆ ಜನರಿದ್ದಾರೆಂದು ಓದದೆ ಹೌದು ಒತ್ತಬೇಡಿ. ಪೌರನಲ್ಲದವನು ತಾನು ಪೌರನೆಂದು ಹೇಳಿಕೊಂಡು ಮತದಾರನಾಗಿ ನೋಂದಾಯಿಸಿಕೊಳ್ಳುವುದು ಅಪರಾಧ. ಮುಂದೆ ಗ್ರೀನ್ ಕಾರ್ಡ್‌ಗೂ ಪೌರತ್ವಕ್ಕೂ ಅದು ಅಡ್ಡ ಬರುತ್ತದೆ, ಗಡೀಪಾರಿಗೂ ಕಾರಣವಾಗಬಹುದು. ಎಚ್‌-1ಬಿಯಲ್ಲಿ ಇರುವವರೆಗೆ ಯಾವ ಅಭ್ಯರ್ಥಿಗೂ ಹಣ ಕೊಡುವಂತಿಲ್ಲ. ಸಮಾರಂಭದಲ್ಲಿ ಸ್ನೇಹಿತರು ಇಪ್ಪತ್ತು ಡಾಲರ್ ಹಾಕಿ ಎಂದರೂ ಕೈಮುಗಿದು ತಪ್ಪಿಸಿಕೊಳ್ಳಿ. ಗ್ರೀನ್ ಕಾರ್ಡ್ ಬಂದ ಮೇಲೆ ದೇಣಿಗೆ ಕೊಡಬಹುದು, ಮತ ಹಾಕುವಂತಿಲ್ಲ. ಸಂಬಳವಿಲ್ಲದೆ ಸ್ವಯಂಸೇವಕರಾಗಿ ಕರಪತ್ರ ಹಂಚಲು, ಮನೆಮನೆ ತಿರುಗಲು ಈಗಲೂ ಅಡ್ಡಿಯಿಲ್ಲ. ಡೆಲಿಗೇಟ್‌ಗೆ ಪತ್ರ ಬರೆಯಲು, ಕೌಂಟಿಯ ಮೇಲ್ವಿಚಾರಕರ ಮಂಡಳಿಯ ಸಭೆಯಲ್ಲಿ ಮಾತನಾಡಲು ಪೌರತ್ವ ಬೇಕಿಲ್ಲ.

ನಿಲ್ಲುವ ಆಸೆಯ ಬಗ್ಗೆ: ಭಾರತದಲ್ಲಿ ಹುಟ್ಟಿದವರಿಗೆ ಉದ್ಯೋಗದ ಆಧಾರದ ಗ್ರೀನ್ ಕಾರ್ಡ್ ಸರದಿ ಬಹಳ ಉದ್ದವಾಗಿದೆ, ಅದು ಬಂದ ಮೇಲೆ ಪೌರತ್ವಕ್ಕೆ ಸಾಮಾನ್ಯವಾಗಿ ಇನ್ನೂ ಐದು ವರ್ಷ ಬೇಕು. ಆ ಕಾಲವನ್ನು ಬರಿದೇ ಕಾಯುತ್ತ ಕಳೆಯಬೇಕಿಲ್ಲ. ಕಾವೇರಿ ಕನ್ನಡ ಸಂಘದ ಕಾರ್ಯಕ್ರಮಗಳಿಗೆ ಬನ್ನಿ; ಅದರ ಜೊತೆಗೆ ನಿಮ್ಮ ಬಡಾವಣೆಯ ಮನೆಮಾಲೀಕರ ಸಂಘಕ್ಕೂ, ಮಕ್ಕಳ ಶಾಲೆಯ ಪೋಷಕರ ಸಂಘಕ್ಕೂ ಹೋಗಿ. ಸಹಿ ಕೇಳಲು ನಿಂತಾಗ ನಮ್ಮ ಭಾಷೆಯವರಲ್ಲದ ನೂರು ಜನರಿಗೆ ನಿಮ್ಮ ಮುಖ ಪರಿಚಯವಿರಬೇಕಾದರೆ ಆ ಪರಿಚಯ ಆಗುವುದು ಅಲ್ಲಿಯೇ.

ಬಾಡಿಗೆ ಕರಾರಿಗೆ ಸಹಿ ಹಾಕಿದ ಮೇಲೆ ಜನರಲ್ ಅಸೆಂಬ್ಲಿಯ ಜಾಲತಾಣದಲ್ಲಿ ನಿಮ್ಮ ವಿಳಾಸ ಹಾಕಿ ನೋಡಿದರೆ ನಿಮ್ಮ ಡೆಲಿಗೇಟ್ ಮತ್ತು ಸೆನೆಟರ್ ಯಾರೆಂದು ತಿಳಿಯುತ್ತದೆ. ಆಶ್‌ಬರ್ನ್ ಒಂದೇ ಊರೆನಿಸಿದರೂ ಅದು ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಹಂಚಿಹೋಗಿದೆ, ಆದ್ದರಿಂದ ಸಹೋದ್ಯೋಗಿ ಹೇಳಿದ ಹೆಸರನ್ನು ನಂಬಿಕೊಳ್ಳದೆ ನಿಮ್ಮ ಮನೆಯ ಸಂಖ್ಯೆಯಿಂದಲೇ ಹುಡುಕಿ. ಹೌಸ್ ಆಫ್ ಡೆಲಿಗೇಟ್ಸ್‌ನ ನೂರೂ ಸ್ಥಾನಗಳಿಗೆ ಮುಂದಿನ ಸಾರ್ವತ್ರಿಕ ಚುನಾವಣೆ 2027ರ ನವೆಂಬರ್ 2ರಂದು.