ಶುದ್ಧ ವೈಬಿಸಿಓ ಬಿಲ್ಲೆಯ ಮೇಲೆ ಅಯಸ್ಕಾಂತ ಏಕೆ ಜಾರುತ್ತದೆ?

ಸಿಂಟರ್ ಮಾಡಿದ (ಪುಡಿಯನ್ನು ಒತ್ತಿ, ಕರಗಿಸದೆ ಕಾಯಿಸಿ ಗಟ್ಟಿಯಾಗಿಸಿದ) ವೈಬಿಸಿಓ, ಅಂದರೆ ಇಟ್ರಿಯಂ-ಬೇರಿಯಂ-ತಾಮ್ರಗಳ ಆಕ್ಸೈಡ್, ಬಿಲ್ಲೆಯ ಮೇಲೆ ಅಯಸ್ಕಾಂತ ತೇಲಿದರೂ ಒಂದೆಡೆ ನಿಲ್ಲದೆ ಜಾರುತ್ತದೆ, ಇನ್ನಷ್ಟು ಶುದ್ಧಗೊಳಿಸಲೇ ಅಥವಾ ಬೆಳ್ಳಿ ಬೆರೆಸಲೇ ಎಂದು ಕೇಳಿದ್ದೀರಿ. ಕೋಲಾರದಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವಾಗ ನಾನೂ ಇಂಥದೇ ಬಿಲ್ಲೆಯನ್ನು ಹಿಡಿದು ಕುಳಿತಿದ್ದೆ. ಹಸುಗಳ ಕೃತಕ ಗರ್ಭಧಾರಣೆಗೆಂದು ದ್ರವ ಸಾರಜನಕ ಇಟ್ಟುಕೊಂಡಿದ್ದ ಪಶುವೈದ್ಯರೊಬ್ಬರು ಅದರಲ್ಲೇ ಸ್ವಲ್ಪ ಕೊಡುತ್ತಿದ್ದರು. ಅದು 77 ಕೆಲ್ವಿನ್‌ನಲ್ಲಿ ಕುದಿಯುವುದರಿಂದ, ಸುಮಾರು 92 ಕೆಲ್ವಿನ್‌ನಲ್ಲಿ ಅತಿವಾಹಕವಾಗುವ, ಅಂದರೆ ವಿದ್ಯುತ್ತಿಗೆ ತಡೆಯೇ ಇಲ್ಲದಂತಾಗುವ, ಈ ವಸ್ತುವಿಗೆ ಅಷ್ಟು ಸಾಕಿತ್ತು.

ನನ್ನನ್ನು ದಾರಿ ತಪ್ಪಿಸಿದ್ದು ಶುದ್ಧತೆಯ ಹಂಬಲ. ಇಟ್ರಿಯಂ, ಬೇರಿಯಂ, ತಾಮ್ರಗಳನ್ನು 1:2:3ರ ಪ್ರಮಾಣದಲ್ಲಿ ಬೆರೆಸುತ್ತಿದ್ದೆ; ಅತಿವಾಹಕವಾಗುವ ಈ ಸಂಯುಕ್ತವನ್ನೇ 123 ಎನ್ನುವುದು. ಎಕ್ಸ್‌ರೇ ಪರೀಕ್ಷೆಯಲ್ಲಿ ಅವೇ ಲೋಹಗಳು 2:1:1ರಲ್ಲಿ ಕೂಡಿದ, ಅತಿವಾಹಕವಲ್ಲದ 211 ಎಂಬ ಹಸಿರು ಸಂಯುಕ್ತದ ಗುರುತು ಕಂಡಾಗಲೆಲ್ಲ ಬಿಲ್ಲೆಯನ್ನು ಅರೆದು ಮತ್ತೆ ಕುಲುಮೆಗೆ ಹಾಕುತ್ತಿದ್ದೆ. ನಾನು ಹೊರಗಟ್ಟುತ್ತಿದ್ದ ಆ ಕಣಗಳೇ ಫ್ಲಕ್ಸನ್ನು, ಅಂದರೆ ಒಳನುಗ್ಗಿದ ಕಾಂತಕ್ಷೇತ್ರವನ್ನು, ಕಟ್ಟಿಹಾಕಿ ಅಯಸ್ಕಾಂತವನ್ನು ಒಂದೆಡೆ ನಿಲ್ಲಿಸುವ ಗೂಟಗಳು. ಕಾಂತಕ್ಷೇತ್ರವು ಈ ಬಗೆಯ ಅತಿವಾಹಕದೊಳಗೆ ಸುಳಿಗಳಾಗಿ ನುಗ್ಗುತ್ತದೆ. ಪ್ರತಿ ಸುಳಿಯೂ 2.07 × 10⁻¹⁵ ವೆಬರ್ ಫ್ಲಕ್ಸನ್ನು ಹೊತ್ತಿರುತ್ತದೆ, ಅದರ ತಿರುಳಿನಲ್ಲಿ ಅತಿವಾಹಕತೆ ಅಳಿದಿರುತ್ತದೆ. ಹಾಗೆ ಅಳಿಸಲು ಶಕ್ತಿ ಬೇಕು. ಮೊದಲೇ ಅತಿವಾಹಕವಲ್ಲದ ಜಾಗ ಸಿಕ್ಕಿದರೆ ಆ ಶಕ್ತಿ ಉಳಿಯುವುದರಿಂದ ಸುಳಿಯು ಅಲ್ಲಿಯೇ ನೆಲೆನಿಲ್ಲುತ್ತದೆ. 123 ಮತ್ತು 211 ಕೂಡುವ ಅಂಚುಗಳು ಅಂಥ ಜಾಗಗಳು. 211ರ ಕಣ ಸಣ್ಣದಾದಷ್ಟೂ ಒಟ್ಟು ಅಂಚು ಹೆಚ್ಚುವುದರಿಂದಲೇ, ಕಣಗಳು ದಪ್ಪವಾಗದಂತೆ ಅಲ್ಪ ಪ್ಲಾಟಿನಂ ಅಥವಾ ಸೀರಿಯಂ ಆಕ್ಸೈಡನ್ನು ಬೆರೆಸುವುದು.

ಆದ್ದರಿಂದ ಶುದ್ಧತೆಯೋ ಬೆಳ್ಳಿಯೋ ಎಂಬ ನಿಮ್ಮ ಪ್ರಶ್ನೆಯೇ ಸರಿಯಲ್ಲ ಎನ್ನುತ್ತೇನೆ. ಸಿಂಟರಿಂಗನ್ನೇ ಕೈಬಿಡಿ. ಆ ಬಿಲ್ಲೆಯಲ್ಲಿ ಹರಳುಗಳು ದಿಕ್ಕಾಪಾಲಾಗಿದ್ದು, ಅವುಗಳ ನಡುವಿನ ಗಡಿಗಳನ್ನು ದಾಟಿ ದೊಡ್ಡ ವಿದ್ಯುತ್ ಪ್ರವಾಹ ಹರಿಯಲಾರದು. ಹಿಡಿದಿಡಬಹುದಾದ ಕ್ಷೇತ್ರವು ಪ್ರವಾಹದ ಸುತ್ತು ಎಷ್ಟು ಅಗಲವಾಗಿದೆ ಎಂಬುದನ್ನೂ ಅವಲಂಬಿಸುವುದರಿಂದ, ಗೂಟಗಳು ಎಷ್ಟಿದ್ದರೂ ಪುಟ್ಟ ಹರಳುಗಳಿಂದ ಹೆಚ್ಚಿನದನ್ನು ನಿರೀಕ್ಷಿಸಲಾಗದು. 123ಕ್ಕೆ ಹೆಚ್ಚುವರಿ 211 ಸೇರಿಸಿ, ಮೇಲೆ ಸಮೇರಿಯಂ ಅಥವಾ ನಿಯೋಡಿಮಿಯಂನ 123 ಹರಳಿನ ಚೂರೊಂದನ್ನು ಬೀಜವಾಗಿಟ್ಟು, ಸುಮಾರು 1010 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಕ್ಕೆ ಕಾಯಿಸಿ, ಬಳಿಕ ಅತ್ಯಂತ ನಿಧಾನವಾಗಿ ತಣಿಸಿ ಇಡೀ ಬಿಲ್ಲೆಯನ್ನು ಒಂದೇ ಹರಳಾಗಿ ಬೆಳೆಸಿರಿ. ಅನಂತರ 400ರಿಂದ 500 ಡಿಗ್ರಿಯಲ್ಲಿ ಆಮ್ಲಜನಕದ ಹರಿವಿನಲ್ಲಿ ದಿನಗಟ್ಟಲೆ ಇಡಬೇಕು. ಆತುರಪಟ್ಟರೆ ಒಳಭಾಗ ಅತಿವಾಹಕವಾಗುವುದೇ ಇಲ್ಲ.

ಬೆಳ್ಳಿಯ ಕೆಲಸ ಬೇರೆ: ಅದು ಹರಳು ಬಿರುಕು ಬಿಡುವುದನ್ನು ತಡೆಯುತ್ತದೆ. 2014ರಲ್ಲಿ ಕೇಂಬ್ರಿಡ್ಜ್ ತಂಡವು 26 ಕೆಲ್ವಿನ್‌ನಲ್ಲಿ 17.6 ಟೆಸ್ಲಾ ಕ್ಷೇತ್ರವನ್ನು ಹಿಡಿದಿಟ್ಟ (ಇಟ್ರಿಯಂ ಬದಲು) ಗ್ಯಾಡೋಲಿನಿಯಂ ಇರುವ ಬಿಲ್ಲೆಗಳಲ್ಲಿ ಬೆಳ್ಳಿಯೂ ಇತ್ತು, ಸುತ್ತಲೂ ಬಿಗಿಯಾದ ಉಕ್ಕಿನ ಬಳೆಯೂ ಇತ್ತು. ಪರೀಕ್ಷಿಸುವಾಗ ಬಿಲ್ಲೆಯನ್ನು ಮೊದಲು ತಣಿಸಿ ಅನಂತರ ಅಯಸ್ಕಾಂತ ತರಬೇಡಿ. ನಡುವೆ ತೆಳುವಾದ ಮರದ ಚೂರಿಟ್ಟು, ಅಯಸ್ಕಾಂತವು ಮೇಲಿರುವಾಗಲೇ ಸಾರಜನಕವನ್ನು ಸುರಿಯಿರಿ; ಆಗ ಒಳಗಿರುವ ಕ್ಷೇತ್ರವೇ ಗೂಟಗಳಿಗೆ ಸಿಕ್ಕಿಬೀಳುತ್ತದೆ.