ಅಮೆರಿಕಕ್ಕೆ ಬೆಂಡೆಕಾಯಿ ಒಯ್ದವರು ಯಾರು?

ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದ ಚಾರ್ಲ್‌ಸ್ಟನ್‌ನಲ್ಲಿ ಅಲಸಂದೆ ಅನ್ನ, ಬೆಂಡೆಕಾಯಿ ಹಾಕಿದ ಗಂಬೋ ಎಂಬ ಗಟ್ಟಿ ಸಾರು ತಿಂದು, ‘ಇದನ್ನೆಲ್ಲ ನಮ್ಮವರೇ ಒಯ್ದರಾ?’ ಎಂದು ಕೇಳಿದ್ದೀರಿ. ಇಲ್ಲ, ಇವು ಆಫ್ರಿಕಾದಿಂದ ಗುಲಾಮರನ್ನು ಸಾಗಿಸಿದ ಕಾಲದಲ್ಲಿ ಹೋದವು. ಗಂಬೋ ಎಂಬ ಹೆಸರೇ ಅಲ್ಲಿನ ಬಾಂಟು ಭಾಷೆಗಳಲ್ಲಿ ಬೆಂಡೆಕಾಯಿಗಿರುವ ಪದದಿಂದ ಬಂದದ್ದು ಅಂತಾರೆ.

ಅನ್ನದ ಕಥೆ ಇನ್ನೂ ನೋವಿನದು. 18ನೇ ಶತಮಾನದಲ್ಲಿ ಸೌತ್ ಕ್ಯಾರೊಲಿನಾದ ಜಮೀನ್ದಾರರು ಶ್ರೀಮಂತರಾದದ್ದು ಭತ್ತದಿಂದ. ಜೌಗು ನೆಲಕ್ಕೆ ಬದು ಕಟ್ಟಿ, ಮರದ ಒರಳಲ್ಲಿ ಭತ್ತ ಕುಟ್ಟಿ, ಹುಲ್ಲಿನಲ್ಲಿ ಹೆಣೆದ ಅಗಲ ಬುಟ್ಟಿಯಲ್ಲಿ ಕೇರಿದವರು ಗುಲಾಮರು. ನಮ್ಮ ಮೊರದಂಥದ್ದೇ ಕೆಲಸ ಆ ಬುಟ್ಟಿಯದು. ಅವರ ವಂಶದ ಗಲ್ಲಾ ಜನ ಈಗಲೂ ಅಂಥ ಬುಟ್ಟಿ ಹೆಣೆದು ಚಾರ್ಲ್‌ಸ್ಟನ್ ಮಾರುಕಟ್ಟೆಯಲ್ಲಿ ಮಾರುತ್ತಾರೆ. ಮತ್ತೆ ಹೋದರೆ ದಯವಿಟ್ಟು ಒಂದನ್ನು ಕೈಯಲ್ಲಿ ಹಿಡಿದು ನೋಡಿ.

ಜೇಮ್ಸ್ ಹೆಮಿಂಗ್ಸ್ ಹೆಸರನ್ನೂ ನೆನಪಿಡಿ. ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ 1784ರಲ್ಲಿ ಪ್ಯಾರಿಸ್ಸಿಗೆ ಕರೆದೊಯ್ದು ಅಡುಗೆ ಕಲಿಯಲು ಹಚ್ಚಿದ ಗುಲಾಮ ಇವರು. ತನ್ನ ಜಾಗಕ್ಕೆ ತಮ್ಮ ಪೀಟರ್‌ನನ್ನು ತಯಾರು ಮಾಡಿಕೊಟ್ಟ ಮೇಲೆಯೇ, 1796ರಲ್ಲಿ, ಅವರಿಗೆ ಬಿಡುಗಡೆ ಸಿಕ್ಕಿದ್ದು. ಆಗ ಅವರು ಕೈಯಾರೆ ಬರೆದಿಟ್ಟ ಅಡುಗೆಮನೆ ಪಾತ್ರೆಗಳ ಪಟ್ಟಿ ಇಂದಿಗೂ ಉಳಿದಿದೆ.